ತೀರ್ಪು ಹೇಳುವವನ ತಯಾರಿ

ವಾರಗಟ್ಟಲೆ ನಿದ್ದೆಗೆಟ್ಟು ಮಕ್ಕಳು ಕಟ್ಟಿದ ಯಂತ್ರಮಾನವ ಆಟದ ನಡುವೆ ಒಮ್ಮೆಲೇ ನಿಂತುಬಿಡುತ್ತದೆ. ಸುಮಾರು ಎರಡೂವರೆ ನಿಮಿಷದ ಆಟ. ಕಣ್ಣುಮುಚ್ಚಿ ತೆರೆಯುವುದರಲ್ಲಿ ಸೋಲು. ತಪ್ಪು ಯಂತ್ರದ್ದೋ, ಅಂಗಳದ ವ್ಯವಸ್ಥೆಯದೋ? ಅದನ್ನು ನಿರ್ಧರಿಸಬೇಕಾದವರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಅವರೇ ಮುಖ್ಯ ನಿರ್ಣಾಯಕರು.

ಅಮೆರಿಕೆಯ ಸಂಶೋಧಕ ಡೀನ್ ಕೇಮನ್ 1989ರಲ್ಲಿ 'ಫಸ್ಟ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1992ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್‌ನಲ್ಲಿ, ಒಂದು ಪ್ರೌಢಶಾಲೆಯ ವ್ಯಾಯಾಮಶಾಲೆಯಲ್ಲಿ, 28 ತಂಡಗಳ ಮೊದಲ ಸ್ಪರ್ಧೆ ನಡೆಯಿತು. ಇಂದು ಅನೇಕ ದೇಶಗಳ ವಿದ್ಯಾರ್ಥಿಗಳು ಇದರಲ್ಲಿ ಪಾಲ್ಗೊಳ್ಳುತ್ತಾರೆ. ನಮ್ಮ ಮುಂಬಯಿಯಿಂದಲೂ ತಂಡ ಹೋಗಿದೆ. ಒಂದು ಪಕ್ಷಕ್ಕೆ ಮೂರರಂತೆ ಆರು ಯಂತ್ರಗಳು ಏಕಕಾಲಕ್ಕೆ ಅಂಗಳಕ್ಕಿಳಿಯುತ್ತವೆ.

ಅಡತಿ ಅಂಗಡಿಯ ಗಾದಿಯ ಮೇಲೆ ಕೂರುವ ಮುನ್ನ ಮಗ ಚೀಲ ಎಣಿಸಬೇಕು, ತೂಕ ನೋಡಬೇಕು, ಅಲ್ಲವೇ? ಇಲ್ಲಿಯೂ ಹಾಗೆಯೇ. ಹೊಸಬರು ಆಟ ಮುಗಿದಾಗ ಸಾಮಾನುಗಳನ್ನು ಮತ್ತೆ ಸ್ಥಾನದಲ್ಲಿಡುತ್ತಾರೆ, ತಂಡಗಳನ್ನು ಸರದಿಯಂತೆ ಕರೆತರುತ್ತಾರೆ. ಇಂಥ ಕೆಲಸಗಳಿಗೆ ಎಂಜಿನಿಯರಿಂಗ್ ಪದವಿಯೇನೂ ಬೇಡ. ಆಟದ ಗತಿ ಕಣ್ಣಿಗೆ ಪಳಗಿದ ಮೇಲೆ ನಿರ್ಣಾಯಕರಾಗಿ ನಿಲ್ಲಬಹುದು. ಹೀಗೆ ಅನುಭವ ಗಳಿಸಿದವರಿಗೇ ಮುಖ್ಯ ಹೊಣೆ ಒಪ್ಪುತ್ತದೆ.

ಆದರೆ ಹಳೆಯ ಅನುಭವವೊಂದೇ ಸಾಲದು. ಪ್ರತಿ ಜನವರಿಯಲ್ಲಿ ಹೊಸ ಆಟ, ಹೊಸ ನಿಯಮಪುಸ್ತಕ ಬರುತ್ತದೆ. ನಿನ್ನೆಯ ಧಾರಣೆ ಇಂದಿನ ಪೇಟೆಗೆ ನಡೆಯದಂತೆ, ಹೋದ ವರ್ಷದ ನಿಯಮ ಈ ವರ್ಷಕ್ಕೆ ಬಾರದು. ಆದ್ದರಿಂದ ಎಷ್ಟೇ ಹಿರಿಯರಾಗಲಿ, ಮತ್ತೆ ವಿದ್ಯಾರ್ಥಿಯಾಗಿ ಓದಲೇಬೇಕು.

ಅತಿ ಕಠಿಣವಾದ ಗಳಿಗೆ ಆಟ ಮುಗಿದ ಮೇಲೆ ಬರುತ್ತದೆ. ತಕರಾರಿದ್ದರೆ ತಂಡದ ಒಬ್ಬ ವಿದ್ಯಾರ್ಥಿ ಗುರುತಿಸಿದ ಚೌಕದಲ್ಲಿ ಬಂದು ನಿಲ್ಲಬೇಕು. ತಂದೆತಾಯಿಯಾಗಲಿ, ಮಾರ್ಗದರ್ಶಕರಾಗಲಿ ಅವನ ಪರವಾಗಿ ವಾದಿಸುವಂತಿಲ್ಲ. ವಿಡಿಯೋ ತೋರಿಸಿದರೂ ನಿರ್ಣಾಯಕರು ನೋಡುವುದಿಲ್ಲ. ಅವರು ಹುಡುಗನ ಮಾತನ್ನು ಪೂರ್ತಿ ಕೇಳಿ, ಜೊತೆಯ ನಿರ್ಣಾಯಕರನ್ನೂ ತಾಂತ್ರಿಕ ಸಲಹೆಗಾರರನ್ನೂ ವಿಚಾರಿಸುತ್ತಾರೆ. ಅಂಗಳದ ದೋಷದಿಂದ ಫಲಿತಾಂಶ ಬದಲಾಗಿದ್ದರೆ ಆಟವನ್ನು ಮತ್ತೆ ಆಡಿಸಬೇಕು. ಯಂತ್ರದ ತಂತಿಯೇ ಸಡಿಲವಾಗಿದ್ದರೆ, ಎದುರಿಗಿರುವ ಮಗುವಿನ ಕಣ್ಣಲ್ಲಿ ನೀರಿದ್ದರೂ, 'ಇಲ್ಲ' ಎನ್ನಬೇಕು. ಅಂಕ ಎಣಿಸುವಲ್ಲಿ ತಮ್ಮವರದೇ ತಪ್ಪಾಗಿದ್ದರೆ ಸಂಕೋಚವಿಲ್ಲದೆ ಒಪ್ಪಿಕೊಳ್ಳಬೇಕು. ನಿಯಮ ಬಾಯಿಪಾಠ ಮಾಡುವುದು ಸುಲಭ; ಈ ಸಮಚಿತ್ತ ಬರಲು ವರ್ಷಗಳೇ ಬೇಕು.

ಗೆಲ್ಲಲು ಪೂರ್ಣ ಪ್ರಯತ್ನ ಮಾಡುತ್ತಲೇ ಎದುರಾಳಿಯನ್ನು ಗೌರವಿಸಬೇಕೆಂಬ ಪಾಠವನ್ನು ಈ ಸ್ಪರ್ಧೆಯಲ್ಲಿ ಬೇರೂರಿಸಿದವರು ಎಂ.ಐ.ಟಿ.ಯ ಪ್ರಾಧ್ಯಾಪಕ ವುಡೀ ಫ್ಲವರ್ಸ್. ಅವರು 2019ರಲ್ಲಿ ತೀರಿಕೊಂಡರು. ಆ ಪಾಠ ಇಂದಿಗೂ ಇಂಥ ಸ್ವಯಂಸೇವಕರ ನಡತೆಯಲ್ಲಿ ಉಳಿದಿದೆ.

ಓದಿಗಾಗಿ ಅಮೆರಿಕೆಗೆ ಹೋದ ನಮ್ಮ ಮನೆಗಳ ಯುವಕ ಯುವತಿಯರು ರಜೆಯ ಎರಡು ದಿನ ಇಂಥ ಸೇವೆಗೆ ಕೊಡಬಹುದು. ಇನ್ನು ಇಲ್ಲಿರುವ ತಂದೆತಾಯಿಗಳಿಗೆ ಒಂದೇ ಮಾತು. ಮಗು ಸೋತು ಬಂದಾಗ ನಾವೇ ಮುಂದಾಗಿ ಜಗಳಕ್ಕೆ ನಿಲ್ಲದಿರೋಣ. ತನ್ನ ಪ್ರಶ್ನೆಯನ್ನು ತಾನೇ ಕೇಳಿ, ಉತ್ತರವನ್ನು ತಾನೇ ಕೇಳಿಸಿಕೊಂಡು ಬರಲಿ. ಆ ಚೌಕದಲ್ಲಿ ಒಂಟಿಯಾಗಿ ನಿಂತು ಕಲಿತದ್ದು ನಾಳೆ ವ್ಯವಹಾರದಲ್ಲಿಯೂ ಕೈಹಿಡಿಯುತ್ತದೆ.