ಪೇಂಟ್‌ಬಾಲ್ ಟ್ಯಾಂಕ್ ಲೀಕ್ ಆಗ್ತಿಲ್ಲ ಅಂದ್ರೆ ಸೇಫ್ ಅಂತಾನಾ?

ಇವತ್ತಿನ ಸಂಚಿಕೆಗೆ ಕಾರಣ ನನ್ನ ಫೋನ್‌ನಲ್ಲಿರೋ ಒಂದು ಫೋಟೊ.

ಡಿಸೆಂಬರ್ 2024. ಕಾಲೇಜು ಗೆಳೆಯರು ಒಂಬತ್ತು ಜನ ಬೆಂಗಳೂರಿನ ಹೊರವಲಯದ ಒಂದು ಮೈದಾನಕ್ಕೆ ಪೇಂಟ್‌ಬಾಲ್ ಆಡೋಕೆ ಹೋಗಿದ್ವಿ. ಮುಖಕ್ಕೆ ಮಾಸ್ಕ್, ಮೈತುಂಬ ಬಣ್ಣ, ಭುಜಕ್ಕೆ ಒತ್ತಿಕೊಂಡ ಗನ್. ಗನ್ನಿನ ಹಿಂದೆ ಒಂದು ಸಣ್ಣ ಟ್ಯಾಂಕ್. ಬಣ್ಣದ ಗುಂಡು ಹಾರೋದು ಆ ಟ್ಯಾಂಕಿನಲ್ಲಿರೋ ಗಾಳಿಯಿಂದ. ಎರಡು ತಿಂಗಳಾದ ಮೇಲೆ ಸ್ಟೇಟಸ್‌ಗೆ ಹಾಕೋಣ ಅಂತ ಫೋಟೊ ಝೂಮ್ ಮಾಡ್ದೆ. ಟ್ಯಾಂಕಿನ ಕುತ್ತಿಗೆ ಹತ್ತಿರ ಕೊರೆದಿದ್ದ ಅಕ್ಷರ ಕಣ್ಣಿಗೆ ಬಿತ್ತು: ‘ಡಿಒಟಿ-3ಎಎಲ್ 3000’. ಅದರ ಪಕ್ಕದಲ್ಲಿ ‘06’ ಮತ್ತು ‘17’. ಬೇರೆ ಯಾವ ತಾರೀಖೂ ಇರಲಿಲ್ಲ.

ನಾನು ಬಿ.ಕಾಂ ಓದಿದವನು, ಎಂಜಿನಿಯರ್ ಅಲ್ಲ. ಆದ್ರೆ ತಾರೀಖು ಕಂಡ್ರೆ ಲೆಕ್ಕ ಹಾಕೋ ಚಾಳಿ ಹೋಗಿಲ್ಲ. ಅವತ್ತು ಶುರುವಾದ ಓದು ಇವತ್ತಿನ ಈ ಸಂಚಿಕೆ.

ಒಂದು ಬಾಟಲಿಯಲ್ಲಿ ಎಂಟು ಕ್ಯಾನ್ ಗಾಳಿ

ಮೊದಲು ಆ ಟ್ಯಾಂಕಿನೊಳಗೆ ಏನಿರುತ್ತೆ ನೋಡೋಣ. ಬಾಡಿಗೆ ಗನ್‌ಗಳಲ್ಲಿ ತುಂಬ ಕಾಣೋದು 48 ಘನ ಇಂಚಿನ ಅಲ್ಯುಮಿನಿಯಂ ಟ್ಯಾಂಕ್. ನಮ್ಮ ಲೆಕ್ಕದಲ್ಲಿ ಸುಮಾರು 790 ಮಿ.ಲೀ. ಅಂದ್ರೆ ಒಂದು ಲೀಟರ್ ನೀರಿನ ಬಾಟಲಿಗಿಂತ ಚಿಕ್ಕದು. ಅದರ ಮೇಲೆ ಬರೆದಿರೋ 3000 ಅನ್ನೋದು ಒತ್ತಡ, ಪಿಎಸ್‌ಐ ಲೆಕ್ಕದಲ್ಲಿ. ನಿಮ್ಮ ಕಾರಿನ ಟೈರಿಗೆ ಪೆಟ್ರೋಲ್ ಬಂಕ್‌ನಲ್ಲಿ ಹಾಕಿಸೋದು 30ರಿಂದ 35 ಪಿಎಸ್‌ಐ. ಇದು ಅದರ ಹತ್ತಿರ ಹತ್ತಿರ ನೂರು ಪಟ್ಟು.

ಹೊರಗೆ ಬಿಟ್ರೆ ಆ ಗಾಳಿ ಸುಮಾರು 160 ಲೀಟರ್ ಆಗುತ್ತೆ. ಮನೆಗೆ ಬರೋ 20 ಲೀಟರ್ ನೀರಿನ ಕ್ಯಾನ್ ಇದೆಯಲ್ಲ, ಅಂಥ ಎಂಟು ಕ್ಯಾನ್. ಅಷ್ಟನ್ನೂ ಒಂದು ಬಾಟಲಿಗೆ ತುರುಕಿದಾಗ ಅಲ್ಲಿ ಕೂತಿರೋ ಶಕ್ತಿಯನ್ನ ಅಂದಾಜು ಮಾಡಿದ್ರೆ, ಒಂದು ಟನ್ ತೂಕದ ಕಾರು ಗಂಟೆಗೆ 30 ಕಿ.ಮೀ. ಹತ್ತಿರದ ವೇಗದಲ್ಲಿ ಬಂದು ಗುದ್ದಿದಷ್ಟು. ಅದನ್ನ ನಾವು ಕೆನ್ನೆ ಪಕ್ಕ ಇಟ್ಕೊಂಡು ಓಡಾಡ್ತೀವಿ.

ಹೆದರಿಸೋಕೆ ಹೇಳ್ತಿಲ್ಲ. ಸರಿಯಾಗಿರೋ ಟ್ಯಾಂಕ್ ಇದಕ್ಕಿಂತ ತುಂಬ ಹೆಚ್ಚು ಒತ್ತಡ ತಡೆಯೋ ಹಾಗೇ ತಯಾರಾಗಿರುತ್ತೆ. ಜೊತೆಗೆ ಟ್ಯಾಂಕಿನ ತಲೆಯಲ್ಲಿರೋ ರೆಗ್ಯುಲೇಟರ್‌ನಲ್ಲಿ ಬರ್ಸ್ಟ್ ಡಿಸ್ಕ್ ಅಂತ ತೆಳು ಲೋಹದ ಬಿಲ್ಲೆ ಇರುತ್ತೆ. ಒತ್ತಡ ಮಿತಿ ಮೀರಿದ್ರೆ ಮೊದಲು ಅದು ಒಡೆದು ಗಾಳಿ ಹೊರಗೆ ಹೋಗುತ್ತೆ. ಕುಕ್ಕರಿನ ಸೇಫ್ಟಿ ವಾಲ್ವ್ ಮಾಡೋ ಕೆಲಸವೇ ಇದು. ಆದ್ರೆ ಬಿಲ್ಲೆ ಕಾಯೋದು ಒತ್ತಡ ಹೆಚ್ಚಾಗೋದನ್ನ ಮಾತ್ರ. ಟ್ಯಾಂಕೇ ದುರ್ಬಲ ಆಗಿದ್ರೆ, ಎಂದಿನ ಒತ್ತಡದಲ್ಲೇ ತೊಂದರೆ ಆಗಬಹುದು. ಅದು ಬಿಲ್ಲೆಗೆ ಗೊತ್ತಾಗಲ್ಲ. ಅದನ್ನ ಕಂಡುಹಿಡಿಯೋಕೇ ಒಂದು ಪರೀಕ್ಷೆ ಇದೆ.

ಹಿಗ್ಗಿದ್ದು ಮತ್ತೆ ಕುಗ್ಗುತ್ತಾ?

ಅದರ ಹೆಸರು ಹೈಡ್ರೋಸ್ಟ್ಯಾಟಿಕ್ ಟೆಸ್ಟ್. ಸುಲಭವಾಗಿ ನೀರಿನ ಪರೀಕ್ಷೆ ಅನ್ನೋಣ. ನಾನು ಅಂದ್ಕೊಂಡಿದ್ದು, ಟ್ಯಾಂಕನ್ನ ನೀರಲ್ಲಿ ಮುಳುಗಿಸಿ ಗುಳ್ಳೆ ಬರುತ್ತಾ ನೋಡ್ತಾರೆ ಅಂತ, ಪಂಕ್ಚರ್ ಅಂಗಡಿಯ ಥರ. ಪೂರ್ತಿ ತಪ್ಪು.

ಮೊದಲು ರೆಗ್ಯುಲೇಟರ್ ಬಿಚ್ಚಿ ಒಳಗೂ ಹೊರಗೂ ಕಣ್ಣಾಡಿಸ್ತಾರೆ. ತುಕ್ಕು, ಗೀರು, ಬಿರುಕು ಇದ್ರೆ ಅಲ್ಲೇ ತಿಳಿಯುತ್ತೆ. ಆಮೇಲೆ ಟ್ಯಾಂಕಿನ ಒಳಗೆ ನೀರು ತುಂಬಿ, ನೀರೇ ತುಂಬಿರೋ ಇನ್ನೊಂದು ಗಟ್ಟಿ ಪಾತ್ರೆಯೊಳಗೆ ಅದನ್ನ ಇಟ್ಟು ಮುಚ್ತಾರೆ. ಟ್ಯಾಂಕಿನೊಳಗಿನ ನೀರಿಗೆ ಪಂಪ್‌ನಿಂದ ಒತ್ತಡ ಕೊಡ್ತಾರೆ. ಎಷ್ಟು ಅಂದ್ರೆ, ಬಳಕೆಯ ಒತ್ತಡದ ಐದನೇ ಮೂರು ಅಲ್ಲ, ಮೂರನೇ ಐದು ಪಾಲು. 3000 ಪಿಎಸ್‌ಐ ಟ್ಯಾಂಕಿಗೆ 5000. 4500ರ ಟ್ಯಾಂಕಿಗೆ 7500.

ಆ ಒತ್ತಡಕ್ಕೆ ಟ್ಯಾಂಕ್ ಕಣ್ಣಿಗೆ ಕಾಣದಷ್ಟು ಉಬ್ಬುತ್ತೆ. ಉಬ್ಬಿದಷ್ಟು ನೀರು ಹೊರಗಿನ ಪಾತ್ರೆಯಿಂದ ಅಳತೆ ಕೊಳವೆಗೆ ಏರುತ್ತೆ. ಅದು ಮೊದಲ ಸಂಖ್ಯೆ. ಒತ್ತಡ ತೆಗೆದಾಗ ಟ್ಯಾಂಕ್ ಕುಗ್ಗುತ್ತೆ, ನೀರು ಇಳಿಯುತ್ತೆ. ಪೂರ್ತಿ ಇಳಿಯದೆ ಎಷ್ಟು ಉಳೀತು ಅನ್ನೋದು ಎರಡನೇ ಸಂಖ್ಯೆ. ಅಮೆರಿಕದ ನಿಯಮದಲ್ಲಿ ಅಲ್ಯುಮಿನಿಯಂ ಟ್ಯಾಂಕಿಗೆ ಎರಡನೆಯದು ಮೊದಲನೆಯದರ ಶೇ 10ನ್ನು ಮೀರಬಾರದು. ಅಂದ್ರೆ 10 ಮಿ.ಲೀ. ಹಿಗ್ಗಿದ್ರೆ, ವಾಪಸ್ ಬರದೆ ಉಳಿಯೋದು 1 ಮಿ.ಲೀ. ಒಳಗೇ ಇರಬೇಕು. ಮೀರಿದ್ರೆ ಟ್ಯಾಂಕ್ ಗುಜರಿಗೆ.

ಹಳೇ ನೈಟ್ ಪ್ಯಾಂಟಿನ ಎಲಾಸ್ಟಿಕ್ ನೆನಪಿಸ್ಕೊಳ್ಳಿ. ಹರಿದಿರಲ್ಲ, ತೂತು ಬಿದ್ದಿರಲ್ಲ. ಎಳೆದ್ರೆ ಬರುತ್ತೆ, ಬಿಟ್ರೆ ವಾಪಸ್ ಹೋಗಲ್ಲ. ಲೋಹಕ್ಕೂ ಅದೇ ಗತಿ. ಲೀಕ್ ಇದೆಯಾ ಅಂತ ನೋಡಿದ್ರೆ ಇದು ಗೊತ್ತಾಗೋದೇ ಇಲ್ಲ.

ನೀರೇ ಯಾಕೆ? ಗಾಳಿಯನ್ನ ಒತ್ತಿದ್ರೆ ಸ್ಪ್ರಿಂಗ್ ಥರ ಶಕ್ತಿ ಕೂಡಿಟ್ಕೊಳ್ಳುತ್ತೆ. ನೀರು ಹಾಗೆ ಒತ್ತಿಸ್ಕೊಳ್ಳಲ್ಲ. ಪರೀಕ್ಷೆ ನಡುವೆ ಟ್ಯಾಂಕ್ ಸೀಳಿದ್ರೂ ಒತ್ತಡ ತಕ್ಷಣ ಇಳಿದುಹೋಗುತ್ತೆ, ಸ್ಫೋಟ ಆಗಲ್ಲ.

ತಾರೀಖು ಓದೋ ರೀತಿ

ಈಗ ನನ್ನ ಫೋಟೊಗೆ ವಾಪಸ್ ಬರೋಣ. ಡಿಒಟಿ ಅಂದ್ರೆ ಅಮೆರಿಕದ ಸಾರಿಗೆ ಇಲಾಖೆ. ಗ್ಯಾಸ್ ತುಂಬಿದ ಸಿಲಿಂಡರ್‌ಗಳ ಸಾಗಾಟಕ್ಕೆ ಅಲ್ಲಿ ಅದರದೇ ನಿಯಮ. 3ಎಎಲ್ ಅಂದ್ರೆ ಜೋಡಣೆ ಇಲ್ಲದ ಅಲ್ಯುಮಿನಿಯಂ ಸಿಲಿಂಡರ್. 06 ಮತ್ತು 17 ಅಂದ್ರೆ ಜೂನ್ 2017, ಮೊದಲ ಪರೀಕ್ಷೆ ಆದ ತಿಂಗಳು.

ಇಲ್ಲಿ ನಮ್ಮವರು ಎಡವೋದು ಸುಲಭ. ಅಡುಗೆಮನೆ ಸಿಲಿಂಡರ್ ಮೇಲೂ ಎ, ಬಿ, ಸಿ, ಡಿ ಅಂತ ಅಕ್ಷರ, ಪಕ್ಕದಲ್ಲಿ ವರ್ಷ ಇರುತ್ತೆ. ಎ ಅಂದ್ರೆ ಜನವರಿಯಿಂದ ಮಾರ್ಚ್, ಡಿ ಅಂದ್ರೆ ಅಕ್ಟೋಬರಿಂದ ಡಿಸೆಂಬರ್. ಅದು ಹೇಳೋದು *ಮುಂದಿನ* ಪರೀಕ್ಷೆ ಯಾವಾಗ ಅಂತ. ಪೇಂಟ್‌ಬಾಲ್ ಟ್ಯಾಂಕಿನ ತಾರೀಖು ಹೇಳೋದು *ಹಿಂದಿನ* ಪರೀಕ್ಷೆ ಯಾವಾಗ ಆಯ್ತು ಅಂತ. ಅದಕ್ಕೆ ನಾವೇ ಐದು ವರ್ಷ ಕೂಡಿಸ್ಕೋಬೇಕು. ಮರುಪರೀಕ್ಷೆ ಪಾಸಾದ ಅಲ್ಯುಮಿನಿಯಂ ಟ್ಯಾಂಕ್ ಮೇಲೆ ಹೊಸ ತಿಂಗಳು, ವರ್ಷ ಮತ್ತು ಪರೀಕ್ಷೆ ಮಾಡಿದವರ ಗುರುತು ಬೀಳುತ್ತೆ.

ನನ್ನ ಟ್ಯಾಂಕಿನ ಲೆಕ್ಕ: 2017ಕ್ಕೆ ಐದು ಕೂಡಿಸಿದ್ರೆ ಜೂನ್ 2022. ನಾವು ಆಡಿದ್ದು ಡಿಸೆಂಬರ್ 2024. ಎರಡೂವರೆ ವರ್ಷ ಬಾಕಿ.

ಕಪ್ಪಗೆ ಹೊಳೆಯೋ ಕಾರ್ಬನ್ ಫೈಬರ್ ಟ್ಯಾಂಕ್‌ಗಳ ಕತೆ ಸ್ವಲ್ಪ ಬೇರೆ. ಹಗುರ, ಒತ್ತಡ ಸಾಮಾನ್ಯವಾಗಿ 4500. ಇವಕ್ಕೆ ಆಯಸ್ಸೂ ಗೊತ್ತುಮಾಡಿರ್ತಾರೆ, ಹೆಚ್ಚಿನವಕ್ಕೆ ತಯಾರಾದ ದಿನದಿಂದ 15 ವರ್ಷ. ಕಾಮರ್ಸ್ ಓದಿದವರಿಗೆ ಇದು ಡಿಪ್ರಿಸಿಯೇಷನ್ ಇದ್ದ ಹಾಗೆ. ಹದಿನಾರನೇ ವರ್ಷ ನೋಡೋಕೆ ಹೊಸದರ ಹಾಗಿದ್ರೂ ಪುಸ್ತಕದಲ್ಲಿ ಬೆಲೆ ಸೊನ್ನೆ. ಸೆಕೆಂಡ್ ಹ್ಯಾಂಡ್ ಕೊಳ್ಳೋರು ಮೊದಲು ನೋಡಬೇಕಾದ್ದು ಇದನ್ನೇ.

ನಮ್ಮ ದೇಶದಲ್ಲಿ? ಇಲ್ಲಿ ಗ್ಯಾಸ್ ಸಿಲಿಂಡರ್ ನಿಯಮಗಳು, 2016 ಇವೆ. ನೋಡಿಕೊಳ್ಳೋದು ನಾಗಪುರದಲ್ಲಿ ಕೇಂದ್ರ ಕಚೇರಿ ಇರೋ ‘ಪೆಸೊ’, ಅಂದ್ರೆ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ. ಅವಧಿ ಮುಗಿದ ಸಿಲಿಂಡರ್‌ಗೆ ಪರೀಕ್ಷೆ ಇಲ್ಲದೆ ಗ್ಯಾಸ್ ತುಂಬಬಾರದು, ಪರೀಕ್ಷೆ ಮಾನ್ಯತೆ ಇರೋ ಕೇಂದ್ರದಲ್ಲೇ ಆಗಬೇಕು.

ಎರಡು ಪರೀಕ್ಷೆಗಳ ನಡುವೆ

ಸ್ವಂತ ಟ್ಯಾಂಕ್ ಇರೋರಿಗೆ ಇಷ್ಟು ನೆನಪಿದ್ರೆ ಸಾಕು.

ಗಾಳಿ ತುಂಬೋ ನಿಪ್ಪಲ್‌ಗೆ ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ. ಜೋರು ಒತ್ತಡದ ಗಾಳಿ ಒಮ್ಮೆಲೇ ನುಗ್ಗಿದಾಗ ಬಿಸಿ ಏರುತ್ತೆ, ಎಣ್ಣೆ ಅಲ್ಲೇ ಹೊತ್ತಿಕೊಳ್ಳಬಹುದು. ಡೀಸೆಲ್ ಎಂಜಿನ್ ನಡೆಯೋದೂ ಇದೇ ತತ್ವದಲ್ಲಿ.

ನಿಧಾನಕ್ಕೆ ತುಂಬಿಸಿ. ಬೇಗ ತುಂಬಿದ್ರೆ ಟ್ಯಾಂಕ್ ಬಿಸಿಯಾಗುತ್ತೆ, ತಣ್ಣಗಾದ ಮೇಲೆ ಮೀಟರ್ ಮುಳ್ಳು ಇಳಿಯುತ್ತೆ. ಅದನ್ನ ಲೀಕ್ ಅಂತ ತಿಳಿದು ಗಾಬರಿ ಆಗಬೇಡಿ.

ಅಲ್ಯುಮಿನಿಯಂ ಟ್ಯಾಂಕನ್ನ ಪೌಡರ್ ಕೋಟಿಂಗ್ ಮಾಡಿಸೋ ಆಸೆ ಬೇಡ. ಒಲೆಯ ಬಿಸಿಗೆ ಲೋಹದ ಗಟ್ಟಿತನ ಹೋಗುತ್ತೆ, ಬಣ್ಣ ಮಾತ್ರ ಚೆನ್ನಾಗಿರುತ್ತೆ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಹೋಗೋದೂ ಬೇಡ.

ಫೈಬರ್ ಟ್ಯಾಂಕಿಗೆ ಕವರ್ ಹಾಕಿ. ಎಳೆ ಎದ್ದಿದ್ರೆ, ಆಳವಾಗಿ ಗೀರು ಬಿದ್ದಿದ್ರೆ, ಪರೀಕ್ಷಕರು ನೋಡೋವರೆಗೂ ತುಂಬಿಸಬೇಡಿ.

ಎತ್ತಿಡುವಾಗ ಪೂರ್ತಿ ಖಾಲಿ ಮಾಡಬೇಡಿ. ಸ್ವಲ್ಪ ಒತ್ತಡ ಉಳಿದಿದ್ರೆ ತೇವ ಒಳಗೆ ಹೋಗಲ್ಲ.

ಗನ್ನಿಗೆ ಜೋಡಿಸೋ ಕಡೆ ‘ಸ್ಸ್’ ಅಂತ ಸದ್ದು ಬಂದ್ರೆ ಹೆಚ್ಚಾಗಿ ಅದು ಓ-ರಿಂಗ್ ಸವೆದಿರೋದು. ಸಣ್ಣ ರಬ್ಬರ್ ಬಳೆ, ಬದಲಾಯಿಸಿದ್ರೆ ಮುಗೀತು. ಆದ್ರೆ ರೆಗ್ಯುಲೇಟರ್ ಬಿಚ್ಚೋದು, ಬರ್ಸ್ಟ್ ಡಿಸ್ಕ್ ಬದಲಿಸೋದು ಮನೆಯ ಸ್ಪ್ಯಾನರ್ ಕೆಲಸ ಅಲ್ಲ.

ಬಿಚ್ಚುವಾಗಲೇ ಹೆಚ್ಚು ಎಚ್ಚರ

ಕೆಲವು ಕಡೆ ಗಾಳಿಯ ಬದಲು ಸಿಒ2 ಬಳಸ್ತಾರೆ. ಅದು ಟ್ಯಾಂಕಿನಲ್ಲಿ ದ್ರವವಾಗಿರುತ್ತೆ, ಬಿಸಿ ಏರಿದಂತೆ ಒತ್ತಡ ಏರುತ್ತೆ. ಅದಕ್ಕೇ ಅದನ್ನ ತೂಕ ಮಾಡಿ ತುಂಬಬೇಕು, ಅಂದಾಜಲ್ಲಿ ಅಲ್ಲ.

2004ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಈ ಸಿಒ2 ಟ್ಯಾಂಕ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅಷ್ಟರಲ್ಲಿ ಎರಡು ಸಾವು ಆಗಿತ್ತು. ಟ್ಯಾಂಕ್ ಒಡೆದಿರಲಿಲ್ಲ. ಗನ್ನಿನಿಂದ ಟ್ಯಾಂಕನ್ನ ತಿರುಗಿಸಿ ಬಿಚ್ಚುವಾಗ, ವಾಲ್ವ್ ಗನ್ನಿಗೇ ಕಚ್ಚಿಕೊಂಡು, ಟ್ಯಾಂಕು ವಾಲ್ವಿನಿಂದ ಬಿಚ್ಚಿಕೊಳ್ಳುತ್ತೆ. ಕೊನೇ ಸುತ್ತಿಗೆ ಟ್ಯಾಂಕ್ ರಾಕೆಟ್.

ಇದಕ್ಕೆ ಆಟಗಾರರು ಕಂಡ್ಕೊಂಡ ಉಪಾಯ ನೇಲ್ ಪಾಲಿಶ್. ವಾಲ್ವ್ ಮತ್ತು ಟ್ಯಾಂಕ್ ಎರಡರ ಮೇಲೂ ಹಾಯೋ ಹಾಗೆ ಒಂದು ನೇರ ಗೆರೆ ಎಳೀರಿ. ಬಿಚ್ಚುವಾಗ ಎರಡೂ ಒಟ್ಟಿಗೆ ತಿರುಗಬೇಕು. ಗೆರೆ ಮುರಿದು ಎರಡಾದ್ರೆ ಅಲ್ಲೇ ನಿಲ್ಲಿಸಿ, ಗೊತ್ತಿರೋರನ್ನ ಕರೀರಿ.

ಆ ಫೋನ್ ಕರೆ

ಫೋಟೊ ನೋಡಿದ ವಾರವೇ ಆ ಮೈದಾನಕ್ಕೆ ಫೋನ್ ಮಾಡ್ದೆ. ಕಾರಣ ಇತ್ತು. ಏಪ್ರಿಲ್‌ನಲ್ಲಿ ನನ್ನ ತಮ್ಮನ ಹುಟ್ಟುಹಬ್ಬ, ಅವನ ಕ್ಲಾಸಿನ ಹುಡುಗರನ್ನ ಅಲ್ಲಿಗೇ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದ್ದೆ. ನೋಡಿಕೊಳ್ಳೋರು ಜಗಳಕ್ಕೆ ಬರಲಿಲ್ಲ, ತುಂಬ ಸಮಾಧಾನವಾಗೇ ಹೇಳಿದ್ರು: “ಸರ್, ಒಂದು ಟ್ಯಾಂಕೂ ಲೀಕ್ ಇಲ್ಲ. ದಿನಾ ತುಂಬಿಸ್ತೀವಿ, ಏನೂ ಆಗಿಲ್ಲ.”

ಅವರು ಸುಳ್ಳು ಹೇಳ್ತಿರಲಿಲ್ಲ. ಲೀಕ್ ಇರಲಿಲ್ಲ ನಿಜ. ನಾನು ಕೇಳಿದ್ದು ಬೇರೆ ಪ್ರಶ್ನೆ. ಎಲಾಸ್ಟಿಕ್ ಉದಾಹರಣೆ ಅವರಿಗೂ ಹೇಳ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಫೋಟೊ ಕಳಿಸ್ತೀನಿ ಸರ್” ಅಂದ್ರು. ಸಂಜೆ ಹನ್ನೊಂದು ಟ್ಯಾಂಕ್‌ಗಳ ಫೋಟೊ ವಾಟ್ಸ್ಆ್ಯಪ್‌ಗೆ ಬಂತು. ನಾಲ್ಕರ ಅವಧಿ ಇನ್ನೂ ಬಾಕಿ ಇತ್ತು. ಏಳರದ್ದು ಮುಗಿದಿತ್ತು. ಅವನ್ನ ಪಕ್ಕಕ್ಕೆ ಇಟ್ಟಿದ್ದೀವಿ, ಪರೀಕ್ಷೆಗೆ ಕಳಿಸ್ತೀವಿ ಅಂತ ಕೆಳಗೆ ಬರೆದಿದ್ರು.

ಹುಟ್ಟುಹಬ್ಬಕ್ಕೆ ನಾವು ಕ್ರಿಕೆಟ್ ಆಡಿದ್ವಿ. ತಮ್ಮ ಎರಡು ದಿನ ಮಾತಾಡಲಿಲ್ಲ. ಪರವಾಗಿಲ್ಲ, ಮಾತು ಇನ್ನೂ ಉಳಿದಿದೆ. ಆ ಏಳೂ ಟ್ಯಾಂಕ್ ಮೇಲೆ ಹೊಸ ತಾರೀಖು ಬಿದ್ದ ಫೋಟೊ ಬಂದ ದಿನ ಕರ್ಕೊಂಡು ಹೋಗ್ತೀನಿ.

ಮುಂದಿನ ಸಲ ನಿಮ್ಮ ಆಫೀಸಿನವರೋ ಕಾಲೇಜಿನವರೋ ಪೇಂಟ್‌ಬಾಲ್ ಅಂದಾಗ ಮಾಸ್ಕ್ ಹಾಕೋ ಮೊದಲು ಅರ್ಧ ನಿಮಿಷ ತಗೊಳ್ಳಿ. ಟ್ಯಾಂಕ್ ತಿರುಗಿಸಿ ತಾರೀಖು ನೋಡಿ, ಐದು ಕೂಡಿಸಿ. ಲೆಕ್ಕ ಸರಿ ಹೋಗದಿದ್ರೆ ಬೇರೆ ಟ್ಯಾಂಕ್ ಕೇಳಿ. ಸಂಕೋಚ ಬೇಡ, ದುಡ್ಡು ಕೊಟ್ಟು ಆಡ್ತಿರೋದು ನೀವು.

ಸಿಗೋಣ ಮುಂದಿನ ವಾರ. ನಮಸ್ಕಾರ.