ಬ್ರೆಡ್ ನೆನೆಯಲಿ, ಅವ್ವ ಮಲಗಲಿ

ಬೆಂಗಳೂರು, ಮೈಸೂರಿನ ಕೆಫೆಗಳ ಬೋರ್ಡಿನ ಮೇಲೆ ‘ಸಂಡೇ ಬ್ರಂಚ್’ ಎಂದು ಬರೆದಿರುವುದನ್ನು ನೀವೂ ನೋಡಿರುತ್ತೀರಿ. ತಿಂಡಿಗೆ ತಡ, ಊಟಕ್ಕೆ ಬೇಗ ಎನ್ನುವ ಹೊತ್ತಿನಲ್ಲಿ ತಿನ್ನುವುದಕ್ಕೆ ಆ ಹೆಸರು. 1895ರಲ್ಲಿ ಇಂಗ್ಲೆಂಡಿನ ಗೈ ಬೆರಿಂಜರ್ ಎಂಬ ಲೇಖಕ ಬ್ರಂಚ್ ಬೇಕೆಂದು ಪತ್ರಿಕೆಯಲ್ಲಿ ಲೇಖನವನ್ನೇ ಬರೆದಿದ್ದ. ಶನಿವಾರ ರಾತ್ರಿ ಮಜಾ ಮಾಡಿ ತಡವಾಗಿ ಮಲಗಿದವರಿಗೆ ಭಾನುವಾರ ಬೇಗ ಏಳುವ ಕಷ್ಟ ತಪ್ಪಲಿ ಎನ್ನುವುದು ಅವನ ವಾದ.

ನಮ್ಮ ಗುಂಡ್ಲುಪೇಟೆ ಕಡೆ ಈ ಹೊತ್ತಿನ ಊಟ ಹೊಸದೇನಲ್ಲ. ಕಾರಣ ಮಾತ್ರ ಪೂರ್ತಿ ಉಲ್ಟಾ. ಇಲ್ಲಿ ಹತ್ತೂವರೆಗೆ ಉಣ್ಣುವವರು ತಡವಾಗಿ ಎದ್ದವರಲ್ಲ, ನಸುಕಿನಲ್ಲೇ ಹೊಲಕ್ಕೆ ಹೋಗಿ ಬಂದವರು. ಊಟಿ ರಸ್ತೆಯ ಪಕ್ಕ ಚೆಂಡು ಹೂವಿನ ಹೊಲ ಕಂಡರೆ ಕಾರು ನಿಲ್ಲಿಸಿ ಸೆಲ್ಫಿ ತೆಗೆದುಕೊಳ್ಳುತ್ತಾರಲ್ಲ, ಆ ಹೂವನ್ನು ಬಿಸಿಲೇರುವ ಮೊದಲು ಬಿಡಿಸಲು ಹೋಗುವವರಲ್ಲಿ ನಮ್ಮವ್ವನೂ ಒಬ್ಬಳು. ಹೂವಿನ ಕಾಲ ಬಂತೆಂದರೆ ನಾಲ್ಕು ಗಂಟೆಗೇ ಎದ್ದು, ಎಲ್ಲರಿಗೂ ತಿಂಡಿ ಮಾಡಿಟ್ಟು ಹೊರಡಬೇಕು. ಅವಳು ಏಳದಿದ್ದರೆ ಆ ಕೆಲಸ ಪಿಯುಸಿ ಓದುವ ತಂಗಿಯ ಹೆಗಲಿಗೆ ಬೀಳುತ್ತದೆ. ನಮ್ಮ ಮನೆಗಳಲ್ಲಿ ಎಲ್ಲೂ ಬರೆದಿರದ ಟೈಂಟೇಬಲ್ ಅದು. ಅದರಲ್ಲಿ ಗಂಡು ಮಕ್ಕಳ ಹೆಸರು ಇರುವುದಿಲ್ಲ.

ವಾರವೆಲ್ಲ ಚಾಮರಾಜನಗರದ ರೂಮಿನಲ್ಲಿ ಗೆಳೆಯರ ಜೊತೆ ಅಡುಗೆ ಮಾಡಿಕೊಂಡು ಬಿ.ಇ. ಓದುವ ನಾನು ಶನಿವಾರ ಸಂಜೆ ತೆರಕಣಾಂಬಿ ಮೇಲೆ ಬಸ್ಸಿನಲ್ಲಿ ಮನೆಗೆ ಬರುತ್ತೇನೆ. ಕಳೆದ ಹೂವಿನ ಕಾಲದಿಂದ ಭಾನುವಾರದ ತಿಂಡಿ ನನ್ನದು. ನಾನು ಆರಿಸಿಕೊಂಡಿದ್ದು ಫ್ರೆಂಚ್ ಟೋಸ್ಟ್, ಅಂದರೆ ನಾವು ‘ಬಾಂಬೆ ಟೋಸ್ಟ್’ ಎನ್ನುತ್ತೇವಲ್ಲ, ಅದೇ. ಆದರೆ ಒಂದೊಂದೇ ಸ್ಲೈಸನ್ನು ತವಾ ಮೇಲೆ ಹಾಕಿ ನಿಂತುಕೊಳ್ಳುವ ರೀತಿಯದಲ್ಲ. ರಾತ್ರಿಯೇ ನೆನೆಸಿಟ್ಟು, ಬೆಳಿಗ್ಗೆ ಒಟ್ಟಿಗೆ ಬೇಯಿಸುವ ರೀತಿಯದು.

“ಬ್ರೆಡ್ಡು ಕಾಯ್ಲೆ ಬಿದ್ದೋರು ತಿನ್ನೋದಲ್ವಾ ಮಗ?” ಎಂದು ಅವ್ವ ಮೊದಲು ಕೇಳಿದಳು. ಅವಳ ಪ್ರಕಾರ ಬ್ರೆಡ್ ಎಂದರೆ ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಒಯ್ಯುವ ಪೊಟ್ಟಣ.

ಒಣಗಿದ ಬ್ರೆಡ್ಡೇ ಒಳ್ಳೆಯದು

ಈ ತಿಂಡಿಗೆ ತಾಜಾ ಬ್ರೆಡ್ ಬೇಡ. ಹಾಲಿನಲ್ಲಿ ಅದು ಕರಗಿ ಮುದ್ದೆಯಾಗುತ್ತದೆ. ಒಂದೆರಡು ದಿನದ ಬ್ರೆಡ್ ಗಟ್ಟಿಯಾಗುವುದು ನೀರು ಆರಿದ್ದರಿಂದ ಮಾತ್ರ ಅಲ್ಲ, ಒಳಗಿನ ಪಿಷ್ಟದ ಅಣುಗಳು ಮತ್ತೆ ಒತ್ತಾಗಿ ಸಾಲುಗಟ್ಟುವುದರಿಂದ ಕೂಡ. ಹಾಗಾಗಿ ಅದು ಹಾಲನ್ನು ಹೀರಿಕೊಂಡೂ ಆಕಾರ ಬಿಡುವುದಿಲ್ಲ. ಫ್ರಾನ್ಸಿನವರು ಇದನ್ನು ‘ಪೆಂ ಪೆರ್ದ್ಯು’ ಎನ್ನುತ್ತಾರೆ, ಅಂದರೆ ‘ಕಳೆದುಹೋದ ಬ್ರೆಡ್’. ಜರ್ಮನಿಯಲ್ಲಿ ಇದರ ಹೆಸರು ‘ಬಡ ಸರದಾರರು’. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ, ಹುರಿದು, ಜೇನು ಸುರಿಯುವ ವಿಧಾನ ರೋಮನ್ನರ ಅಡುಗೆ ಪುಸ್ತಕ ‘ಅಪೀಕಿಯಸ್’ನಲ್ಲೇ ಇದೆ. ಉಳಿದದ್ದನ್ನು ಎಸೆಯಲು ಮನಸ್ಸು ಬಾರದವರ ತಿಂಡಿ ಇದು. ತಂಗಳು ಮುದ್ದೆಗೆ ಮಜ್ಜಿಗೆ ಹಾಕಿ ಕಲಸಿಕೊಳ್ಳುವ, ಉಳಿದ ಇಡ್ಲಿಯನ್ನು ಪುಡಿ ಮಾಡಿ ಒಗ್ಗರಣೆ ಹಾಕುವ ನಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಏನೇನು ಬೇಕು?

ನಾಲ್ಕೈದು ಜನಕ್ಕೆ: 400 ಗ್ರಾಂ ಬ್ರೆಡ್ ಒಂದು ಪೌಂಡು, ಅರ್ಧ ಲೀಟರ್ ಹಾಲು, 4 ಮೊಟ್ಟೆ, 100 ಗ್ರಾಂ ಬೆಲ್ಲ, 4 ಏಲಕ್ಕಿ ಬಾಳೆಹಣ್ಣು, 2 ಚಮಚ ತುಪ್ಪ, ಏಲಕ್ಕಿ ಪುಡಿ, ಚಿಟಿಕೆ ಉಪ್ಪು. ನಮ್ಮೂರಲ್ಲಿ ನನಗೆ ಎಲ್ಲ ಸೇರಿ ನೂರೈವತ್ತು ರೂಪಾಯಿ ದಾಟಿಲ್ಲ.

ರಾತ್ರಿ ಒಂಬತ್ತರ ಗೇಟ್

2009ರಿಂದ ಬಂಡೀಪುರದ ಕಾಡುದಾರಿಯಲ್ಲಿ ರಾತ್ರಿ ಸಂಚಾರ ನಿಷೇಧ ಇದೆ. ಒಂಬತ್ತಕ್ಕೆ ಗೇಟ್ ಹಾಕಿದರೆ ತೆಗೆಯುವುದು ಬೆಳಿಗ್ಗೆ ಆರಕ್ಕೆ. ನನ್ನ ಪಾತ್ರೆಗೂ ಅದೇ ನಿಯಮ: ಒಂಬತ್ತರೊಳಗೆ ಮುಚ್ಚಿಡಬೇಕು, ಬೆಳಗಾಗುವವರೆಗೆ ಮುಟ್ಟಬಾರದು.

ಹಾಲು ಕಾಯಿಸಿ ಪೂರ್ತಿ ಆರಿಸಿ. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಅದನ್ನೂ ಆರಿಸಿ. ಬಿಸಿ ಹಾಲಿಗೆ ಬೆಲ್ಲ ಹಾಕಿದರೆ ಒಡೆಯಬಹುದು. ಮೊಟ್ಟೆಯನ್ನು ಚೆನ್ನಾಗಿ ಕದಡಿ, ಹಾಲು, ಬೆಲ್ಲದ ನೀರು, ಏಲಕ್ಕಿ, ಉಪ್ಪು ಸೇರಿಸಿ. ಅಗಲವಾದ ಅಲ್ಯೂಮಿನಿಯಂ ಡಬರಿಗೆ ತುಪ್ಪ ಸವರಿ, ಬ್ರೆಡ್ ತುಂಡುಗಳನ್ನು ಜೋಡಿಸಿ, ನಡುನಡುವೆ ಬಾಳೆಹಣ್ಣಿನ ಬಿಲ್ಲೆ ಇಡಿ. ಮೇಲಿಂದ ಹಾಲು ಸುರಿದು, ಬ್ರೆಡ್ಡನ್ನು ಅಂಗೈಯಲ್ಲಿ ಮೆಲ್ಲಗೆ ಒತ್ತಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಇಷ್ಟಕ್ಕೆ ಇಪ್ಪತ್ತು ನಿಮಿಷ ಸಾಕು.

ಹಸಿ ಮೊಟ್ಟೆ, ಹಾಲು ಸೇರಿದ್ದನ್ನು ರಾತ್ರಿಯಿಡೀ ಹೊರಗೆ ಇಡಲೇಬಾರದು. ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆಗೆಯಬೇಡಿ, ನಾಲ್ಕು ಗಂಟೆಯವರೆಗೆ ತಂಪು ಉಳಿಯುತ್ತದೆ. ನಮ್ಮ ರೂಮಿನ ಹಾಗೆ ಫ್ರಿಜ್ಜೇ ಇಲ್ಲದಿದ್ದರೆ ರಾತ್ರಿ ಬ್ರೆಡ್ ಕತ್ತರಿಸಿ, ಬೆಲ್ಲದ ಪಾಕ ಮಾಡಿಟ್ಟುಕೊಳ್ಳಿ. ಬೆಳಿಗ್ಗೆ ಹಾಲು, ಮೊಟ್ಟೆ ಬೆರೆಸಿ ಅರ್ಧ ಗಂಟೆ ನೆನೆಸಿದರೂ ನಡೆಯುತ್ತದೆ.

ಓವನ್ ಇಲ್ಲದವರಿಗೆ

ದಪ್ಪ ತಳದ ಹಳೆಯ ಪಾತ್ರೆಗೆ ಒಂದು ಇಂಚು ಕಲ್ಲುಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಡಬರಿಯನ್ನು ಸ್ವಲ್ಪ ಹೊತ್ತು ಮೊದಲೇ ಫ್ರಿಜ್‌ನಿಂದ ತೆಗೆದಿಟ್ಟಿರಿ. ಅದನ್ನು ಒಳಗಿಟ್ಟು, ಮುಚ್ಚಳ ಹಾಕಿ, ಸಣ್ಣ ಉರಿಯಲ್ಲಿ 45 ನಿಮಿಷ ಬಿಡಿ. ನಡುವೆ ಚಾಕು ಚುಚ್ಚಿದಾಗ ಹಸಿ ಹಾಲು ಅಂಟದಿದ್ದರೆ ಬೆಂದಿದೆ ಎಂದರ್ಥ. ಹತ್ತು ನಿಮಿಷ ಆರಲು ಬಿಟ್ಟು ಕತ್ತರಿಸಿದರೆ ಕೇಕಿನಂತೆ ತುಂಡಾಗುತ್ತದೆ. ಮೇಲ್ಭಾಗ ಕೆಂಪಗಾಗಬೇಕು ಎನ್ನುವವರು ತುಂಡುಗಳನ್ನು ತುಪ್ಪ ಹಾಕಿದ ತವಾ ಮೇಲೆ ಒಂದು ನಿಮಿಷ ಮಗುಚಿ ಹಾಕಬಹುದು.

ಶ್ರಾವಣದಲ್ಲಿ ನಮ್ಮ ಮನೆಗೆ ಮೊಟ್ಟೆ ಬರುವುದಿಲ್ಲ. ಹೂವಿನ ಕಾಲವೂ ಅದೇ! ಆಗ ಎರಡು ದೊಡ್ಡ ಚಮಚ ಕಸ್ಟರ್ಡ್ ಪುಡಿಯನ್ನು ತಣ್ಣಗಿನ ಹಾಲಿನಲ್ಲಿ ಕದಡಿ, ಉಳಿದ ಹಾಲಿನ ಜೊತೆ ಕುದಿಸಿ, ಆರಿದ ಮೇಲೆ ಬೆಲ್ಲ ಸೇರಿಸಿ ಸುರಿಯುತ್ತೇನೆ. ರುಚಿಯಲ್ಲಿ ತಂಗಿಯ ಓಟು ಇದಕ್ಕೇ.

ಉಳಿದದ್ದು ಒಂದು ಗಂಟೆ

ಯಾವ ಕೆಲಸ ಮುಗಿದರೆ ಯಾವುದು ಶುರುವಾಗಬೇಕು, ಯಾವುದು ಕಾಯಬಹುದು ಎಂದು ಚೌಕ, ಬಾಣ ಬಿಡಿಸಿ ಲೆಕ್ಕ ಹಾಕುವುದನ್ನು ಎಂಜಿನಿಯರಿಂಗ್ ಓದುವವರು ಕಲಿತಿರುತ್ತೀರಿ. ಅಡುಗೆಮನೆಗೂ ಆ ಲೆಕ್ಕ ಹೊಂದುತ್ತದೆ. ಇಲ್ಲಿ ನೆನೆಯುವ ಕೆಲಸವನ್ನು ರಾತ್ರಿ ಮಾಡುತ್ತದೆ, ಬೇಯಿಸುವುದನ್ನು ಸಣ್ಣ ಉರಿ ಮಾಡುತ್ತದೆ. ಬೆಳಿಗ್ಗೆ ಕೈಗೆ ಬೀಳುವ ಕೆಲಸ ಐದು ನಿಮಿಷದ್ದು. ಆ 45 ನಿಮಿಷದಲ್ಲಿ ನಾನು ಆಪ್ಟಿಟ್ಯೂಡ್ ಪ್ರಶ್ನೆಗಳ ಒಂದು ಸೆಟ್ ಮುಗಿಸುತ್ತೇನೆ.

ಅವ್ವನ ಕಡೆಯ ಲೆಕ್ಕ ಇನ್ನೂ ಸರಳ. ನಾಲ್ಕಕ್ಕೆ ಏಳುತ್ತಿದ್ದವಳು ಭಾನುವಾರ ಐದಕ್ಕೆ ಏಳುತ್ತಾಳೆ, ಟೀ ಕುಡಿದು ಹೊರಡುತ್ತಾಳೆ, ಹತ್ತೂವರೆಗೆ ಬಂದಾಗ ಬಿಸಿ ತಿಂಡಿ ಸಿಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಎಲ್ಲರಿಗೂ ಬಡಿಸಿ ಕೊನೆಗೆ ತಿನ್ನುತ್ತಿದ್ದವಳು ಈಗ ನಮ್ಮ ಜೊತೆಯಲ್ಲೇ ಕೂರುತ್ತಾಳೆ. ಈಗ ಶನಿವಾರ ಸಂಜೆ ಅವಳೇ ಕೇಳುತ್ತಾಳೆ: “ಬ್ರೆಡ್ಡು ತಂದ್ಯಾ ಮಗ?”

ಬ್ರೆಡ್ಡೇ ಆಗಬೇಕೆಂದಿಲ್ಲ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು, ಹೆಚ್ಚಿಟ್ಟ ತರಕಾರಿ, ಹುರಿದಿಟ್ಟ ರವೆ, ಯಾವುದಾದರೂ ಸರಿ. ಭಾನುವಾರ ಪರೀಕ್ಷೆ ಬರೆಯಲು ಮೊದಲ ಬಸ್ಸಿಗೆ ಮೈಸೂರಿಗೆ ಹೊರಡುವ ಗೆಳೆಯರೇ, ನಿಮ್ಮ ಡಬ್ಬಿ ತುಂಬಲು ಮನೆಯಲ್ಲಿ ಯಾರು ಎಷ್ಟು ಗಂಟೆಗೆ ಏಳುತ್ತಾರೆ ಎಂದು ಒಮ್ಮೆ ಕೇಳಿ ನೋಡಿ. ಉತ್ತರ ಸಿಕ್ಕ ರಾತ್ರಿಯೇ ಪಾತ್ರೆ ಹಿಡಿಯಬಹುದು. ಬೇಕಾಗುವುದು ಇಪ್ಪತ್ತೇ ನಿಮಿಷ.