ಕ್ಲಚ್ ಸುಡುವುದು ಅವಸರದ ಕೈಯಲ್ಲ

"ಗೇರ್ ಅಷ್ಟು ಜೋರಾಗಿ ಎಳೀಬೇಡ ಕಣೋ, ಕ್ಲಚ್ ಪ್ಲೇಟ್ ಹೋಗುತ್ತೆ." ಕಾರು ಕಲಿಯುವ ಹುಡುಗನ ಪಕ್ಕ ಕೂತ ಮಾವನೋ ಚಿಕ್ಕಪ್ಪನೋ ಹೇಳುವ ಈ ಮಾತಿನಲ್ಲಿ ಎಚ್ಚರಿಕೆ ಸರಿ, ಕಾರಣ ತಪ್ಪು. ಗೇರನ್ನು ರಭಸದಿಂದ ಗುದ್ದಿದರೆ ಕಾರಿಗೆ ಪೆಟ್ಟು ಬೀಳುವುದು ನಿಜ. ಆದರೆ ಆ ಪೆಟ್ಟಿನ ಬಹುಪಾಲನ್ನು ತಿನ್ನುವುದು ಗೇರ್‌ಬಾಕ್ಸಿನೊಳಗಿನ ಹಿತ್ತಾಳೆ ಉಂಗುರಗಳು, ಆಕ್ಸಲ್‌ಗಳು, ಇಂಜಿನ್ ಕೂರಿಸಿರುವ ರಬ್ಬರ್ ಮೌಂಟುಗಳು. ಕ್ಲಚ್ ಪ್ಲೇಟ್ ಹಾಳಾಗುವ ದಾರಿಯೇ ಬೇರೆ. ಹೆದರಿ ಹೆದರಿ, ಅರ್ಧ ಕ್ಲಚ್ ಹಿಡಿದುಕೊಂಡೇ ಓಡಿಸುವ ಮಾವನ ಕಾರು ಹುಡುಗನ ಕಾರಿಗಿಂತ ಮೊದಲು ಗ್ಯಾರೇಜು ಸೇರುವುದೂ ಉಂಟು.

ಕ್ಲಚ್ ಸವೆಯುವುದು ಜಾರುವಾಗ ಮಾತ್ರ. ಇಂಜಿನ್ನಿನ ಜೊತೆ ಸುತ್ತುವ ಫ್ಲೈವೀಲ್ ಒಂದು ಕಡೆ, ಸ್ಪ್ರಿಂಗಿನ ಬಲದಿಂದ ಒತ್ತುವ ಪ್ರೆಷರ್ ಪ್ಲೇಟ್ ಇನ್ನೊಂದು ಕಡೆ, ನಡುವೆ ಕ್ಲಚ್ ಪ್ಲೇಟ್. ಪೆಡಲ್ ಪೂರ್ತಿ ಬಿಟ್ಟಾಗ ಮೂರೂ ಒಂದೇ ವೇಗದಲ್ಲಿ ಸುತ್ತುತ್ತವೆ, ಉಜ್ಜಾಟವಿಲ್ಲ, ಸವೆತವೂ ಇಲ್ಲ. ಪೂರ್ತಿ ತುಳಿದಾಗ ಪ್ಲೇಟ್ ಬಿಡಿಯಾಗಿರುತ್ತದೆ, ಆಗಲೂ ಸವೆತವಿಲ್ಲ. ಇವೆರಡರ ನಡುವಿನ ಹೊತ್ತಿನಲ್ಲಿ, ಇಂಜಿನ್ ಒಂದು ವೇಗದಲ್ಲೂ ಪ್ಲೇಟ್ ಇನ್ನೊಂದು ವೇಗದಲ್ಲೂ ಸುತ್ತುತ್ತ ಒಂದಕ್ಕೊಂದು ಉಜ್ಜಿಕೊಳ್ಳುವಾಗಲೇ ಬಿಸಿ ಹುಟ್ಟುವುದು. ಪ್ಲೇಟಿನ ಮೇಲೆ ರಿವೆಟ್ ಹೊಡೆದು ಕೂರಿಸಿದ ಲೈನಿಂಗ್ ಸವೆಯಲು ಇರುವುದು ಒಂದೆರಡು ಮಿಲಿಮೀಟರ್ ಅಷ್ಟೇ.

ಬಿಸಿ ಎಷ್ಟು ಎಂಬುದಕ್ಕೆ ಲೆಕ್ಕ ಹಾಕಬಹುದು. ಜನ ಕೂತು ಸುಮಾರು 1,100 ಕೆ.ಜಿ. ತೂಗುವ ಸಣ್ಣ ಪೆಟ್ರೋಲ್ ಕಾರನ್ನು ತೆಗೆದುಕೊಳ್ಳೋಣ. ಸಮತಟ್ಟು ರಸ್ತೆಯಲ್ಲಿ ಇಂಜಿನ್ನನ್ನು 1,500 ಆರ್‌ಪಿಎಂನಲ್ಲಿ ಇಟ್ಟು ಮೊದಲ ಗೇರಿನಲ್ಲಿ ಹೊರಟರೆ, ಕ್ಲಚ್ ಪೂರ್ತಿ ಹಿಡಿಯುವ ಹೊತ್ತಿಗೆ ಕಾರು ಗಂಟೆಗೆ 11 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿರುತ್ತದೆ. ಆ ಒಂದು ಹೊರಡುವಿಕೆಗೆ ಕ್ಲಚ್ಚಿನಲ್ಲಿ ಸುಮಾರು 5 ಕಿಲೋಜೂಲ್ ಶಕ್ತಿ ಬಿಸಿಯಾಗಿ ಹೋಗುತ್ತದೆ. ಅದೇ ಕಾರು 3,500 ಆರ್‌ಪಿಎಂನಲ್ಲಿ ಎರಡನೇ ಗೇರಿನಿಂದ ಮೂರನೆಯದಕ್ಕೆ ಹೋಗುವಾಗ, ಆಕ್ಸಲರೇಟರಿನಿಂದ ಕಾಲು ತೆಗೆದಿದ್ದರೆ, ಹುಟ್ಟುವ ಬಿಸಿ 1 ಕಿಲೋಜೂಲ್ ಆಚೀಚೆ. ಕಾರು ಆಗಲೇ ಓಡುತ್ತಿರುವುದರಿಂದ ಕ್ಲಚ್ ಎಳೆದು ಸರಿಹೊಂದಿಸಬೇಕಾದ್ದು ಇಂಜಿನ್ನಿನ ವೇಗವನ್ನು ಮಾತ್ರ, ಇಡೀ ಕಾರಿನ ಭಾರವನ್ನಲ್ಲ. ಕೈ ಚುರುಕಾಗಿತ್ತೋ ಸೋಮಾರಿಯಾಗಿತ್ತೋ ಎಂಬುದರಿಂದ ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ.

ಬದಲಾಗುವುದು ಹೊರಡುವಾಗ ಕೊಡುವ ರೇಸಿನಿಂದ. ಸಿಗ್ನಲ್ಲಿನಲ್ಲಿ 3,000 ಆರ್‌ಪಿಎಂಗೆ ಏರಿಸಿ, ಅಲ್ಲೇ ಹಿಡಿದುಕೊಂಡು ಕ್ಲಚ್ಚನ್ನು ಬಿಡುತ್ತ ಬಂದರೆ ಬಿಸಿ ಇಮ್ಮಡಿಯಲ್ಲ, ನಾಲ್ಕು ಪಟ್ಟು. ಆರ್‌ಪಿಎಂ ವರ್ಗದಂತೆ ಲೆಕ್ಕಕ್ಕೆ ಬರುತ್ತದೆ. ಇಂಜಿನ್ ನಿಂತುಬಿಡುತ್ತದೋ ಎಂಬ ಭಯಕ್ಕೆ ವ್ರೂಂ ಎನಿಸಿಯೇ ಹೊರಡುವ ಹೊಸ ಚಾಲಕರು ಕ್ಲಚ್ಚಿಗೆ ಮಾಡುವ ಹಾನಿ ಇದು.

ಇನ್ನು ಏರು ರಸ್ತೆಯಲ್ಲಿ ಹಾಫ್ ಕ್ಲಚ್. ಹತ್ತು ಅಡಿಗೆ ಒಂದು ಅಡಿ ಏರುವ ಕಡೆ ಬ್ರೇಕ್ ಹಿಡಿಯದೆ, ಕ್ಲಚ್ ಮತ್ತು ಆಕ್ಸಲರೇಟರಿನಲ್ಲೇ ಕಾರನ್ನು ಹಿಂದಕ್ಕೆ ಜಾರದಂತೆ ನಿಲ್ಲಿಸಿಕೊಳ್ಳುವುದು ಒಂದು ಚಾಣಾಕ್ಷತೆ ಎಂದೇ ಹಲವರ ಲೆಕ್ಕ. ಆ ಹೊತ್ತಿನಲ್ಲಿ ಕ್ಲಚ್ಚಿನೊಳಗೆ 3 ಕಿಲೋವ್ಯಾಟಿನಷ್ಟು ಬಿಸಿ ಹುಟ್ಟುತ್ತಿರುತ್ತದೆ, ಬಚ್ಚಲುಮನೆಯ ಇನ್‌ಸ್ಟಂಟ್ ಗೀಸರ್ ಹಾಕಿಟ್ಟಂತೆ. ಇಲ್ಲಿ ಬಿಸಿ ಹೊತ್ತೊಯ್ಯಲು ನೀರಿಲ್ಲ ಎಂಬುದೊಂದೇ ವ್ಯತ್ಯಾಸ. 20 ಸೆಕೆಂಡು ಹೀಗೆ ನಿಂತರೆ ಮೆಲ್ಲಗೆ 12 ಸಲ ಹೊರಟಷ್ಟು ಸವೆತ ಒಂದೇ ಏಟಿಗೆ ಆಗಿಹೋಗುತ್ತದೆ. ಆಗುಂಬೆಯ ತಿರುವುಗಳಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡಲು ನಿಂತು ಹೊರಟಾಗ, ಚಾರ್ಮಾಡಿಯ ರಸ್ತೆ ಕಟ್ಟಿಕೊಂಡ ಭಾನುವಾರಗಳಲ್ಲಿ, ಮೂಗಿಗೆ ಬಡಿಯುವ ಸುಟ್ಟ ವಾಸನೆ ಈ ಬಿಸಿಯದೇ. ಹ್ಯಾಂಡ್‌ಬ್ರೇಕ್ ಇರುವುದು ಕಾರು ಪಾರ್ಕ್ ಮಾಡುವುದಕ್ಕೆ ಮಾತ್ರವಲ್ಲ.

ಹಾಗಾದರೆ ಗೇರನ್ನು ಗುದ್ದುವುದರಿಂದ ಏನೂ ಆಗುವುದಿಲ್ಲವೇ? ಆಗುತ್ತದೆ, ಅದು ಆಗುವ ಜಾಗ ಸಿಂಕ್ರೊ.

ಗೇರ್ ಹಾಕುವುದೆಂದರೆ ಹಲ್ಲುಚಕ್ರಗಳನ್ನು ಒಂದಕ್ಕೊಂದು ಕೂಡಿಸುವುದು ಎಂದೇ ಬಹಳ ಜನರ ಕಲ್ಪನೆ. ಇಂದಿನ ಕಾರುಗಳಲ್ಲಿ ಮುಂದಕ್ಕೆ ಹೋಗುವ ಗೇರುಗಳ ಚಕ್ರಗಳು ಸದಾ ಕೂಡಿಕೊಂಡೇ ಇರುತ್ತವೆ. ಲಿವರ್ ಸರಿಸಿದಾಗ ಒಳಗೆ ಒಂದು ಫೋರ್ಕ್ ಒಂದು ಸ್ಲೀವನ್ನು ತಳ್ಳಿ, ಬೇಕಾದ ಚಕ್ರವನ್ನು ಶಾಫ್ಟಿಗೆ ಬೀಗ ಹಾಕುತ್ತದೆ. ಬೀಗ ಬೀಳುವ ಮೊದಲು ಎರಡರ ವೇಗವೂ ಒಂದೇ ಆಗಬೇಕು. ಆ ಕೆಲಸಕ್ಕೆ ಹಿತ್ತಾಳೆಯದೋ ಕಂಚಿನದೋ ಒಂದು ಶಂಕುವಿನಾಕಾರದ ಉಂಗುರವಿದೆ. ಅದು ಚಕ್ರದ ಮೇಲೆ ಉಜ್ಜಿ ವೇಗ ಸರಿಹೊಂದಿಸುತ್ತದೆ, ಹೊಂದುವ ತನಕ ಸ್ಲೀವಿಗೆ ಅಡ್ಡ ನಿಲ್ಲುತ್ತದೆ. ಕೈಗೆ ಕ್ಷಣಕಾಲ ಸಿಗುವ ತಡೆ ಅದೇ. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಈ ಸಿಂಕ್ರೊಮೆಶ್ ಬರುವ ತನಕ ಆ ಹೊಂದಾಣಿಕೆಯನ್ನು ಚಾಲಕನೇ ಕಾಲಿನಿಂದ ಮಾಡಬೇಕಿತ್ತು. ಹಳೆಯ ಲಾರಿಗಳಲ್ಲಿ ಡ್ರೈವರುಗಳು ಒಂದು ಗೇರಿಗೆ ಎರಡು ಸಲ ಕ್ಲಚ್ ತುಳಿಯುತ್ತಿದ್ದದ್ದು ಇದಕ್ಕಾಗಿ.

ತಡೆ ಸಡಿಲವಾಗುವ ತನಕ ಕಾಯದೆ ಅಂಗೈಯಿಂದ ಗುದ್ದಿದರೆ ಉಂಗುರದ ಉಜ್ಜುವ ಮುಖ ಬೇಗ ನುಣುಪಾಗುತ್ತದೆ, ಅಂಚಿನ ಸಣ್ಣ ಹಲ್ಲುಗಳ ಮೊನೆ ಮೊಂಡಾಗುತ್ತದೆ. ಆಮೇಲೆ ಬರುವುದೇ ಆ ಕರ್ ಸದ್ದು. ಸಾಮಾನ್ಯವಾಗಿ ಮೊದಲು ಬಲಿಯಾಗುವುದು ಎರಡನೇ ಗೇರಿನ ಸಿಂಕ್ರೊ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವಿನ ಅಂತರ ದೊಡ್ಡದು, ಊರೊಳಗೆ ಕೈ ಹೆಚ್ಚು ಓಡಾಡುವುದೂ ಅಲ್ಲೇ. ಹಾಗಂತ ಕರ್ ಎಂದಾಗಲೆಲ್ಲ ಗೇರ್‌ಬಾಕ್ಸನ್ನೇ ದೂರಬೇಕಿಲ್ಲ. ಕ್ಲಚ್ ಕೇಬಲ್ ಸಡಿಲವಾಗಿ ಅಥವಾ ಹೈಡ್ರಾಲಿಕ್‌ನಲ್ಲಿ ಗಾಳಿ ಸೇರಿ ಕ್ಲಚ್ ಪೂರ್ತಿ ಬಿಡದಿದ್ದರೂ ಅದೇ ಸದ್ದು. ಗೇರ್‌ಬಾಕ್ಸ್ ಇಳಿಸುವ ಮೊದಲು ಇದನ್ನು ನೋಡದ ಮೆಕ್ಯಾನಿಕ್‌ನ ಹತ್ತಿರ ಕಾರು ಬಿಡದಿರುವುದೇ ಲೇಸು. ರಿವರ್ಸ್ ಗೇರಿಗೆ ಅನೇಕ ಸಣ್ಣ ಕಾರುಗಳಲ್ಲಿ ಸಿಂಕ್ರೊವೇ ಇಲ್ಲ. ಕಾರು ಪೂರ್ತಿ ನಿಲ್ಲುವ ಮೊದಲೇ ರಿವರ್ಸಿಗೆ ಎಳೆಯುವವರಿಗೆ ಅದು ತಾನಾಗಿಯೇ ಸದ್ದು ಮಾಡಿ ಹೇಳುತ್ತದೆ.

ಬೈಕಿನಿಂದ ಕಾರಿಗೆ ಬಂದ ಹುಡುಗರು ತರುವ ನಂಬಿಕೆ ಇನ್ನೊಂದು: "ಬೈಕಲ್ಲಿ ಕ್ಲಚ್ ಹಿಡೀದೇ ಗೇರ್ ಹಾಕ್ತೀನಿ, ಕಾರಲ್ಲಿ ಯಾಕಾಗಲ್ಲ?" ಬೈಕಿನ ಗೇರ್‌ಬಾಕ್ಸಿನಲ್ಲಿ ಸಿಂಕ್ರೊ ಇಲ್ಲ, ದಪ್ಪ ದಪ್ಪ ಹಲ್ಲುಗಳು ನೇರವಾಗಿ ಒಂದರೊಳಗೊಂದು ಬೀಳುತ್ತವೆ, ಬಿಡಿಭಾಗಗಳೂ ಹಗುರ. ನಮ್ಮ ರಸ್ತೆಯ ಬಹುಪಾಲು ಬೈಕುಗಳ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವುದರಿಂದ ಜಾರಿಸಿದರೂ ಬಿಸಿಯನ್ನು ಎಣ್ಣೆ ಹೀರಿಕೊಳ್ಳುತ್ತದೆ. ಕಾರಿನದು ಒಣ ಕ್ಲಚ್. ಬೈಕಿನಲ್ಲಿ ತಡೆದುಕೊಳ್ಳುವ ಅಭ್ಯಾಸಗಳೆರಡೂ ಕಾರಿನಲ್ಲಿ ದುಬಾರಿ. ರ್‍ಯಾಲಿ ಚಾಲಕರು ಗುದ್ದುವುದಿಲ್ಲವೇ ಎಂದು ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಧೂಳೆಬ್ಬಿಸಿ ಓಡುವ ಕಾರುಗಳನ್ನು ತೋರಿಸುವವರಿದ್ದಾರೆ. ಸ್ಪರ್ಧೆಗೆಂದೇ ಕಟ್ಟಿದ ಕಾರುಗಳಲ್ಲಿ ಸಿಂಕ್ರೊ ಇಲ್ಲದ ಡಾಗ್ ಬಾಕ್ಸ್ ಹಾಕುವುದುಂಟು. ಅದನ್ನು ಆಗಾಗ ಬಿಚ್ಚಿ ನೋಡಿ ಹಲ್ಲು ಬದಲಿಸುವ ತಂಡವೂ ಜೊತೆಗಿರುತ್ತದೆ.

ನಿಜವಾದ ಒರಟುತನ ಕಾಣುವುದು ಕಾಲಿನಲ್ಲಿ. ಆಕ್ಸಲರೇಟರಿನಿಂದ ಕಾಲು ತೆಗೆಯದೆಯೇ ಗೇರ್ ಬದಲಿಸುವವರ ಕ್ಲಚ್ಚಿಗೆ ನಾನು ಮೇಲೆ ಹೇಳಿದ 1 ಕಿಲೋಜೂಲಿನ ಲೆಕ್ಕ ಅನ್ವಯಿಸುವುದಿಲ್ಲ. ಇಂಜಿನ್ ಇಳಿಯುವ ಬದಲು ಏರಿರುತ್ತದೆ, ಬಿಸಿ ಹಲವು ಪಟ್ಟಾಗುತ್ತದೆ. ಇನ್ನು ಜೋರು ರೇಸಿನಲ್ಲಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಜಾರುವ ಹೊತ್ತು ಕಡಿಮೆ, ಹೀಗಾಗಿ ಪ್ಲೇಟಿಗೆ ಆಗುವ ಸವೆತ ಹಿಡಿದು ಜಾರಿಸುವಷ್ಟಲ್ಲ. ಆದರೆ ಕ್ಲಚ್ ಇಂಜಿನ್ನಿನ ಗರಿಷ್ಠ ಬಲಕ್ಕಿಂತ ಹೆಚ್ಚನ್ನೇ ಹಿಡಿದುಕೊಳ್ಳುವಂತೆ ಮಾಡಿರುತ್ತಾರೆ. ಫ್ಲೈವೀಲಿನಲ್ಲಿ ಕೂಡಿಟ್ಟಿದ್ದ ಶಕ್ತಿ ಆ ಒಂದು ಕ್ಷಣದಲ್ಲಿ ಇಂಜಿನ್ ಎಂದೂ ಕೊಡದಷ್ಟು ಬಲವಾಗಿ ಮುಂದಕ್ಕೆ ನುಗ್ಗುತ್ತದೆ. ಪ್ಲೇಟಿನ ನಡುವಿನ ಸ್ಪ್ರಿಂಗುಗಳು, ಡಿಫರೆನ್ಷಿಯಲ್, ಆಕ್ಸಲ್ ಜಾಯಿಂಟುಗಳು ಏಟು ತಿನ್ನುತ್ತವೆ. ತಿರುವಿನಲ್ಲಿ ಟಕ ಟಕ ಸದ್ದು ಕೊಡುವ ಜಾಯಿಂಟಿನ ಹಿಂದೆ ಇಂಥ ಚರಿತ್ರೆ ಇರಬಹುದು, ಹರಿದ ರಬ್ಬರ್ ಬೂಟ್ ಇರುವ ಸಾಧ್ಯತೆ ಅದಕ್ಕಿಂತ ಹೆಚ್ಚು.

ಕೈಯ ಅವಸರ ಒಂದೇ ಏಟಿಗೆ ಇಂಜಿನ್ನನ್ನೇ ಮುಗಿಸುವ ಸಂದರ್ಭವೂ ಇದೆ. ಐದನೇ ಗೇರಿನಲ್ಲಿ 100 ಕಿ.ಮೀ. ವೇಗ, 2,900 ಆರ್‌ಪಿಎಂ. ನಾಲ್ಕಕ್ಕೆ ಎಂದು ಎಳೆದದ್ದು ತಪ್ಪಿ ಎರಡಕ್ಕೆ ಬಿತ್ತು, ಕ್ಲಚ್ ಬಿಟ್ಟಾಯಿತು. ಮುಳ್ಳು 7,200 ದಾಟುತ್ತದೆ. ಆರ್‌ಪಿಎಂ ಲಿಮಿಟರ್ ಇದೆಯಲ್ಲ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಅದು ಪೆಟ್ರೋಲ್ ನಿಲ್ಲಿಸಬಲ್ಲದು, ಚಕ್ರಗಳೇ ಇಂಜಿನ್ನನ್ನು ತಿರುಗಿಸುವಾಗ ಅದರ ಮಾತು ನಡೆಯುವುದಿಲ್ಲ. ಅದೇ ವೇಗದಲ್ಲಿ ಬಲವಂತವಾಗಿ ಮೊದಲ ಗೇರಿಗೆ ಹಾಕಿದರೆ, ಕ್ಲಚ್ ತುಳಿದೇ ಇದ್ದರೂ ಪ್ಲೇಟ್ ಮಾತ್ರ 13,000 ಮೀರಿ ಸುತ್ತುತ್ತದೆ, ಲೈನಿಂಗ್ ಚೂರಾಗಿ ಹಾರಬಹುದು.

"ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಸಿದರೆ ಕ್ಲಚ್ ಸವೆಯುತ್ತೆ" ಎಂಬುದಂತೂ ಪೂರಾ ಸುಳ್ಳು. ಪೆಡಲ್ ಬಿಟ್ಟ ಮೇಲೆ ಕ್ಲಚ್ಚಿನಲ್ಲಿ ಜಾರಾಟವೇ ಇಲ್ಲ. ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂಬುದೂ ಇಂಜೆಕ್ಷನ್ ಕಾರುಗಳ ಮಟ್ಟಿಗೆ ತಲೆಕೆಳಗು. ಗೇರಿನಲ್ಲಿದ್ದು ಕಾಲು ತೆಗೆದಾಗ ಅವು ಇಂಧನ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಸುಮ್ಮನೆ ಓಡಲಿಕ್ಕೂ ಕುಡಿಯುತ್ತವೆ. ಗೇರ್ ಲಿವರ್ ಮೇಲೆ ಕೈ ಇಟ್ಟುಕೊಂಡರೆ ಫೋರ್ಕ್ ಸವೆಯುತ್ತದೆ ಎಂಬುದು ನಿಜ, ಆದರೆ ಸಣ್ಣ ನಿಜ. ಕ್ಲಚ್ ಪೆಡಲ್ ಮೇಲೆ ಕಾಲು ಇಟ್ಟುಕೊಳ್ಳುವುದು ಅದಕ್ಕಿಂತ ಎಷ್ಟೋ ಕೆಟ್ಟದ್ದು. ರಿಲೀಸ್ ಬೇರಿಂಗ್ ದಿನವಿಡೀ ದುಡಿಯುತ್ತದೆ, ಪ್ಲೇಟಿನ ಮೇಲಿನ ಹಿಡಿತವೂ ಸಡಿಲಬಹುದು.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಕ್ಲಚ್ಚನ್ನೂ ಸಿಂಕ್ರೊವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬಹುದು. ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿದ್ದು ಆಕ್ಸಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಸರ್ರನೆ ಏರಿ ಕಾರು ಮಾತ್ರ ಎಳೆಯದಿದ್ದರೆ ಕ್ಲಚ್ ಮುಗಿದಿದೆ. ಆಮೇಲೆ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮೂರರಿಂದ ಎರಡಕ್ಕೆ ಸ್ವಲ್ಪ ಚುರುಕಾಗಿ ಇಳಿಸಿ. ಕ್ಲಚ್ ಪೂರ್ತಿ ತುಳಿದೂ ಕರ್ ಎಂದರೆ, ಮತ್ತು ಬೇರೆ ಗೇರುಗಳು ಹಾಗನ್ನದಿದ್ದರೆ, ಅದು ಸಿಂಕ್ರೊ. ಕ್ಲಚ್ ಸೆಟ್ಟಿನ ಖರ್ಚನ್ನು ಚೌಕಾಸಿಯಲ್ಲಿ ಬೆಲೆಯಿಂದ ಕಳೆಯಬಹುದು. ಎರಡನೇ ಗೇರ್ ಕರ್ ಎನ್ನುವ ಕಾರಿಗೆ ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಉಂಗುರ ಬದಲಿಸುವ ಲೆಕ್ಕ ಕೈಯಲ್ಲಿಟ್ಟುಕೊಂಡೇ ಮಾತಿಗೆ ಕೂರಬೇಕು.